ಎತ್ತಿಕೊಂಡರೆ ಮಗು ಕೆಡುವುದಿಲ್ಲ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಸೊಸೈಟಿಯ ಮೂರನೇ ಮಾಳಿಗೆಯಲ್ಲಿ ಕಾರ್ಕಳ ಕಡೆಯ ಅಕ್ಕ ಒಬ್ಬರಿದ್ದಾರೆ. ನನ್ನ ಮಗಳು ಬಾಣಂತನಕ್ಕೆ ಬಂದಾಗಿನಿಂದ ಅವರದ್ದು ಒಂದೇ ಪಲ್ಲವಿ: “ಎತ್ತಿ ಎತ್ತಿ ಅಭ್ಯಾಸ ಮಾಡಬೇಡಿ ಮಾರಾಯ್ರೆ, ಮತ್ತೆ ಕೆಳಗೆ ಇಳಿಯುವುದೇ ಇಲ್ಲ.” ಮಗು ಅತ್ತರೆ ಅವರ ಪ್ರಕಾರ ಕಾರಣ ಎರಡೇ. ಕೈಗೆ ಅಭ್ಯಾಸ ಆಗಿರಬೇಕು, ಇಲ್ಲವೇ ದೃಷ್ಟಿ ತಾಗಿರಬೇಕು. ಮೊದಲನೆಯದಕ್ಕೆ ಮದ್ದು ಅಳಲು ಬಿಡುವುದು, ಎರಡನೆಯದಕ್ಕೆ ಉಪ್ಪು ಮೆಣಸು ನಿವಾಳಿಸಿ ಬೆಂಕಿಗೆ ಹಾಕುವುದು. ಒಂದು ಬೀಎಚ್‌ಕೆ ಮನೆಯಲ್ಲಿ, ಕಿಟಕಿ ಮುಚ್ಚಿದ ಮಳೆಗಾಲದಲ್ಲಿ, ಗ್ಯಾಸ್ ಒಲೆಯ ಮೇಲೆ ಮೆಣಸು ಸುಟ್ಟು ನೋಡಿ. ಮಗು ಯಾಕೆ ಅಳುತ್ತಿತ್ತು ಎಂಬುದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ದೃಷ್ಟಿಯ ಬಗ್ಗೆ ನಾನು ಜಗಳ ಆಡುವುದು ಬಿಟ್ಟು ವರ್ಷಗಳಾದವು. ಸುಶ್ರುತ ಸಂಹಿತೆಯಲ್ಲೇ ಎಳೆಮಕ್ಕಳನ್ನು ಹಿಡಿಯುವ ಒಂಬತ್ತು ಗ್ರಹಗಳ ಪಟ್ಟಿ ಇದೆ. ಸ್ಕಂದ, ಶಕುನಿ, ರೇವತಿ, ಪೂತನಾ ಹೀಗೆ. ಗ್ರಹ ಸುಳ್ಳಾದರೂ ಅಲ್ಲಿರುವ ಲಕ್ಷಣಗಳನ್ನು ಯಾರೋ ತೊಟ್ಟಿಲ ಬಳಿ ಕೂತು ನೋಡಿಯೇ ಬರೆದಿದ್ದಾರೆ. ನನಗೆ ಹೆಚ್ಚು ಸಿಟ್ಟು ತರಿಸುವುದು ಮೊದಲನೆಯ ಕಾರಣ. ಅದಕ್ಕೆ ವಿಜ್ಞಾನದ ಅಂಗಿಯೂ ಇದೆ.

ಆ ಅಂಗಿ ಹೊಲಿದವರಲ್ಲಿ ದೊಡ್ಡ ಹೆಸರು ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್. ಮಕ್ಕಳನ್ನು ಅಪ್ಪಬೇಡಿ, ತೊಡೆಯ ಮೇಲೆ ಕೂರಿಸಬೇಡಿ, ತಡೆಯಲಾಗದಿದ್ದರೆ ರಾತ್ರಿ ಮಲಗುವಾಗ ಹಣೆಗೊಂದು ಮುತ್ತು ಕೊಡಿ, ಬೆಳಿಗ್ಗೆ ಕೈ ಕುಲುಕಿ ಎಂದು 1928ರಲ್ಲಿ ತಾಯಂದಿರಿಗೆ ಪುಸ್ತಕವನ್ನೇ ಬರೆದ. ಬ್ಯಾಂಕ್ ಮ್ಯಾನೇಜರನಿಗೂ ಗ್ರಾಹಕನಿಗೂ ಒಪ್ಪುವ ಸಂಬಂಧ. ಮಗು ತಾಯಿಗೆ ಅಂಟಿಕೊಳ್ಳುವುದು ಹಾಲಿಗಾಗಿ, ಉಳಿದದ್ದೆಲ್ಲ ಭಾವುಕತೆ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಅದನ್ನು ಮುರಿದದ್ದು ಕೋತಿಮರಿಗಳು. ನಮ್ಮ ದೇಶದಿಂದಲೇ ಹಡಗು, ವಿಮಾನ ತುಂಬಿಸಿ ಕಳಿಸುತ್ತಿದ್ದ ರೀಸಸ್ ಜಾತಿಯವು (1978ರಲ್ಲಿ ಭಾರತ ಆ ರಫ್ತು ನಿಲ್ಲಿಸಿತು). ವಿಸ್ಕಾನ್ಸಿನ್‌ನಲ್ಲಿ ಹ್ಯಾರಿ ಹಾರ್ಲೋ ಎಂಬ ಮನೋವಿಜ್ಞಾನಿ ಮರಿಗಳ ಮುಂದೆ ಎರಡು ಗೊಂಬೆ ತಾಯಂದಿರನ್ನು ಇಟ್ಟ. ಒಂದು ಬರೀ ತಂತಿಯದ್ದು, ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಹಾಲಿನ ಬಾಟಲಿ ತಂತಿಯ ತಾಯಿಯಲ್ಲೇ ಇದ್ದರೂ ಮರಿಗಳು ಕುಡಿದು ಮುಗಿಸಿ ಓಡುತ್ತಿದ್ದದ್ದು ಬಟ್ಟೆಯ ತಾಯಿಯ ಬಳಿಗೆ. 1958ರಲ್ಲಿ ಅವನು ಇದನ್ನು ಪ್ರಕಟಿಸಿದ. ಆ ಮರಿಗಳು ದೊಡ್ಡವಾದ ಮೇಲೆ ತಮ್ಮ ಜಾತಿಯ ಜೊತೆ ಬೆರೆಯಲಾರದೆ ಒದ್ದಾಡಿದವು. ಓದಿದರೆ ಹೊಟ್ಟೆ ತೊಳಸುವ ಪ್ರಯೋಗ, ಆದರೆ ವಾದ ಮುಗಿಯಿತು.

ಸರಿ, ಅಪ್ಪುಗೆ ಬೇಕು. ಆದರೆ ಅಪ್ಪುಗೆ ಮಿದುಳಿನೊಳಗೆ ಹೋಗಿ ಮಾಡುವುದಾದರೂ ಏನು? ಇಲ್ಲಿಂದ ನನ್ನ ಹುಚ್ಚು ಶುರುವಾಗುತ್ತದೆ, ತಾಳ್ಮೆ ಇರಲಿ.

ಭಯವಾದಾಗ ಮಿದುಳು ಸುದ್ದಿ ಕಳಿಸಿ ಮೂತ್ರಪಿಂಡದ ನೆತ್ತಿಯ ಮೇಲಿನ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಸುರಿಸುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ. ಯಾರೂ ಕೇಳದ ಪ್ರಶ್ನೆ, ಅದನ್ನು ನಿಲ್ಲಿಸುವವರು ಯಾರು ಎಂಬುದು. ನಮ್ಮ ಸೊಸೈಟಿಯ ನೀರಿನ ಪಂಪ್ ನೆನೆಯಿರಿ. ಗಚ್ಚಿಯ ಟಾಕಿ ತುಂಬಿ ನೀರು ಪೈಪಿನಿಂದ ಬೀಳುವ ಸದ್ದು ಕೇಳಿ ವಾಚ್‌ಮನ್ ಓಡಿ ಹೋಗಿ ಪಂಪ್ ಬಂದ್ ಮಾಡಬೇಕು. ಕಿವಿ ಚುರುಕಾದ ವಾಚ್‌ಮನ್ ಇದ್ದರೆ ನಾಲ್ಕು ಬಕೆಟ್ ನೀರು ಹಾಳು. ಕಿವಿ ಮಂದವಾದರೆ ಮೆಟ್ಟಿಲ ಮೇಲೆ ಜಲಪಾತ, ಬೆಳಿಗ್ಗೆ ಸೆಕ್ರೆಟರಿಯ ಭಾಷಣ. ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಕಾರ್ಟಿಸಾಲನ್ನು ಹಿಡಿಯುವ ಗ್ರಾಹಕಗಳಿವೆ. ಅವೇ ಆ ಕಿವಿಗಳು. ಕಿವಿ ಹೆಚ್ಚಿದ್ದಷ್ಟೂ ಸಾಕಷ್ಟು ಸುರಿದಿದೆ ಎಂಬ ಸುದ್ದಿ ಬೇಗ ಮುಟ್ಟಿ ಪಂಪ್ ನಿಲ್ಲುತ್ತದೆ. ಕಡಿಮೆ ಇದ್ದರೆ ಅಪಾಯ ದಾಟಿ ಹೋದ ಮೇಲೂ ಭಯ ಹರಿಯುತ್ತಲೇ ಇರುತ್ತದೆ.

ಈ ಕಿವಿಗಳು ಎಷ್ಟಿರಬೇಕೆಂಬುದನ್ನು ಅಮ್ಮನ ನಾಲಿಗೆ ನಿರ್ಧರಿಸುತ್ತದೆ. ಇಲಿಗಳಲ್ಲಿ ಅಂತೂ ಹಾಗೆ. ಮಾಂಟ್ರಿಯಲ್‌ನ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಬಳಗ ಗಮನಿಸಿದ್ದು ಇಷ್ಟು: ಕೆಲವು ಇಲಿತಾಯಂದಿರು ಮರಿಗಳನ್ನು ತುಂಬ ನೆಕ್ಕುತ್ತವೆ, ಕೆಲವು ಕಡಿಮೆ. ಹುಟ್ಟಿದ ಮೊದಲ ವಾರ ಹೆಚ್ಚು ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದಾಗ ಬೇಗ ಶಾಂತವಾಗುತ್ತವೆ. ರಕ್ತಗುಣ ಇರಬಹುದಲ್ಲ ಎಂದರೆ, ಕಡಿಮೆ ನೆಕ್ಕುವ ತಾಯಿಯ ಮರಿಯನ್ನು ಹೆಚ್ಚು ನೆಕ್ಕುವ ತಾಯಿಯ ಗೂಡಿಗೆ ಹಾಕಿ ನೋಡಿದರು. ಮರಿ ಸಾಕುತಾಯಿಯಂತೆ ಬೆಳೆಯಿತು. 2004ರಲ್ಲಿ ಸಂಶೋಧಕ ಮೋಷೆ ಷಿಫ್ ಜೊತೆಗೂಡಿ ಒಳಗಿನ ಯಂತ್ರವನ್ನೂ ತೋರಿಸಿದರು. ಆ ಕಿವಿಗಳನ್ನು ತಯಾರಿಸುವ ಜೀನ್ ಎಲ್ಲ ಮರಿಗಳಲ್ಲೂ ಇದೆ, ಆದರೆ ಅದರ ಸ್ವಿಚ್ಚಿನ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಅಂಟಿಕೊಂಡಿರುತ್ತದೆ. ಎಲೆಕ್ಟ್ರಿಷಿಯನ್ ಮುಟ್ಟಬೇಡಿ ಎಂದು ಸ್ವಿಚ್ಚಿಗೆ ಟೇಪ್ ಹಚ್ಚಿ ಹೋಗುತ್ತಾನಲ್ಲ, ಹಾಗೆ. ನೆಕ್ಕುವುದರಿಂದ ಶುರುವಾದ ಸಂಕೇತಗಳ ಸರಪಳಿ ಆ ಟೇಪನ್ನು ಕೀಳುತ್ತದೆ. ಇನ್ನೊಂದು ಹೋಲಿಕೆಯೂ ಹೊಳೆಯುತ್ತದೆ, ಹಸಿ ಸಿಮೆಂಟಿನ ಮೇಲೆ ಎಳೆದ ಗೆರೆ. ಆದರೆ ಅದು ಪೂರ್ತಿ ಸರಿಯಲ್ಲ. ದೊಡ್ಡ ಇಲಿಗಳ ಮಿದುಳಿಗೆ ಒಂದು ಔಷಧ ಕೊಟ್ಟು ಟೇಪ್ ಕಿತ್ತು ತೋರಿಸಿದ್ದಾರೆ. ಒಣಗಿದ ಸಿಮೆಂಟಿನಲ್ಲಿ ಅದು ಸಾಧ್ಯವೇ?

ಮನುಷ್ಯರ ಮೇಲೆ ಇಂಥ ಪ್ರಯೋಗ ಮಾಡುವಂತಿಲ್ಲ. ಮಾಡಿದವನೊಬ್ಬ ನಮ್ಮಲ್ಲೇ ಇದ್ದ. ಮಕ್ಕಳು ಮಾತು ಕೇಳದೆ ಬೆಳೆದರೆ ಯಾವ ಭಾಷೆ ಆಡುತ್ತಾರೆಂದು ನೋಡಲು ಅಕ್ಬರ್ ಕೂಸುಗಳನ್ನು ಮಾತಿಲ್ಲದ ದಾದಿಯರ ಕೈಗೆ ಕೊಟ್ಟು ಒಂದು ಮನೆಯಲ್ಲಿ ಇಡಿಸಿದ. ಕೆಲವು ವರ್ಷಗಳ ಬಳಿಕ ಹೋಗಿ ನೋಡಿದರೆ ಯಾವ ಭಾಷೆಯೂ ಇಲ್ಲ, ಮೂಗರ ಸದ್ದಷ್ಟೇ. ಜನ ಅದನ್ನು ಗುಂಗ್ ಮಹಲ್, ಅಂದರೆ ಮೂಗರ ಮಹಲು ಎಂದರು.

ನಾಲ್ಕು ಶತಮಾನದ ನಂತರ ಅದೇ ಮೌನ ರೊಮೇನಿಯಾದಲ್ಲಿ ಕೇಳಿಸಿತು. ಸರ್ವಾಧಿಕಾರಿ ಚೌಷೆಸ್ಕು 1966ರಲ್ಲಿ ಗರ್ಭಪಾತ ನಿಷೇಧಿಸಿದ. ಸಾಕಲಾರದ ಮಕ್ಕಳು ಸರ್ಕಾರಿ ಅನಾಥಾಲಯಗಳಲ್ಲಿ ತುಂಬಿದರು. 1989ರಲ್ಲಿ ಅವನು ಉರುಳಿದಾಗ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಒಳಗೆ ಹೋದವರನ್ನು ಬೆಚ್ಚಿಸಿದ್ದು ಕೂಸುಗಳ ಕೋಣೆಯಲ್ಲಿ ಅಳುವೇ ಇಲ್ಲದ್ದು. ಅತ್ತರೆ ಯಾರೂ ಬರುವುದಿಲ್ಲ ಎಂದು ಕಲಿತ ಮೇಲೆ ಮಗು ಯಾಕೆ ಅಳಬೇಕು? ಅಳಲು ಬಿಟ್ಟರೆ ಸುಮ್ಮನಾಗುತ್ತದೆ ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಆ ಕೋಣೆ ಕಣ್ಣ ಮುಂದೆ ಬರುತ್ತದೆ.

ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು ಅಮೆರಿಕದ ಸಂಶೋಧಕರು ಬುಕಾರೆಸ್ಟ್‌ನ ಆರರಿಂದ 31 ತಿಂಗಳ 136 ಮಕ್ಕಳನ್ನು ಆರಿಸಿ, ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳಿಗೆ ಸಾಕುಮನೆ ಒದಗಿಸಿದರು. ಉಳಿದವರ ಸ್ಥಿತಿ ಮೊದಲಿದ್ದಂತೆ. (ಇದು ನ್ಯಾಯವೇ ಎಂದು ಜಗಳಗಳಾಗಿವೆ, ಆಗಬೇಕಾದದ್ದೇ.) ಸಾಕುಮನೆಗೆ ಹೋದವರ ಬುದ್ಧಿಶಕ್ತಿ, ನಂಟು ಬೆಳೆಸುವ ಶಕ್ತಿ ಎರಡೂ ಚೇತರಿಸಿದವು. ಎರಡು ವರ್ಷ ತುಂಬುವ ಮೊದಲೇ ಹೋದವರ ಮಿದುಳಿನ ವಿದ್ಯುತ್ ಅಲೆಗಳು ಎಂಟನೇ ವಯಸ್ಸಿಗೆ ಮನೆಯಲ್ಲೇ ಬೆಳೆದ ಮಕ್ಕಳ ಅಲೆಗಳಂತೆಯೇ ಕಂಡವು. ಗಮನಿಸಿ, ಅವರನ್ನು ಎತ್ತಿಕೊಂಡವರು ಹೆತ್ತವರಲ್ಲ. ಮಿದುಳು ಜನ್ಮಪತ್ರ ಕೇಳುವುದಿಲ್ಲ. ಅದೇ ಮುಖ ಮತ್ತೆ ಮತ್ತೆ ಬಂದರೆ ಸಾಕು.

ತಾಯಿಯ ತಲೆಗೆ ಎಲ್ಲವನ್ನೂ ಕಟ್ಟುವವರು ಈ ಭಾಗ ಬೇಗ ಮರೆಯುತ್ತಾರೆ. ಆಟಿಸಂಗೆ ಫ್ರಿಜ್ಜಿನಂತೆ ತಣ್ಣಗಿರುವ ತಾಯಿಯೇ ಕಾರಣ ಎಂದು ಕಳೆದ ಶತಮಾನದ ಮಧ್ಯದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳು ನಂಬಿದ್ದರು. ಶುದ್ಧ ಸುಳ್ಳು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ತಾಯಂದಿರಿಗೆ ಕೆಲ ನಿಮಿಷ ಕಲ್ಲುಮುಖ ಮಾಡಿ ಕೂರಲು ಹೇಳಿದ. ಕೂಸು ನಗುತ್ತದೆ, ಕೈ ಚಾಚುತ್ತದೆ, ಕಿರುಚುತ್ತದೆ, ಕೊನೆಗೆ ಮುಖ ತಿರುಗಿಸುತ್ತದೆ. ಇದನ್ನು ಕೇಳಿ ನನ್ನ ಮಗಳು ಮೊಬೈಲ್ ಕೆಳಗಿಟ್ಟು ಅಳುವುದೊಂದು ಬಾಕಿ. ಅವಳಿಗೆ ನಾನು ಹೇಳಿದ್ದು ಅದೇ ಟ್ರಾನಿಕ್‌ನ ಇನ್ನೊಂದು ಲೆಕ್ಕ: ಚೆನ್ನಾಗಿರುವ ತಾಯಿ-ಮಗುವೂ ತಾಳಕ್ಕೆ ತಾಳ ಕೂಡಿಸುವುದು ಮೂರನೇ ಒಂದು ಪಾಲು ಹೊತ್ತು ಮಾತ್ರ. ಉಳಿದ ಹೊತ್ತು ತಾಳ ತಪ್ಪುವುದು, ಮತ್ತೆ ಸರಿ ಮಾಡಿಕೊಳ್ಳುವುದು. ಆ ಸರಿ ಮಾಡಿಕೊಳ್ಳುವುದರಲ್ಲೇ ಮಗು ಸಂಬಂಧ ಕಲಿಯುತ್ತದೆ.

ನಮ್ಮ ಮನೆಗೆ ಬರುವ ಮಾಲಿಶ್ ಬಾಯಿಗೆ ಟ್ರಾನಿಕ್ ಗೊತ್ತಿಲ್ಲ. ನೆಲದಲ್ಲಿ ಕಾಲು ಚಾಚಿ ಕೂತು, ಮೊಣಕಾಲಿನ ಮೇಲೆ ನನ್ನ ಮೊಮ್ಮಗಳನ್ನು ಮಲಗಿಸಿ, ಬೆಚ್ಚಗಿನ ಕೊಬ್ಬರಿಎಣ್ಣೆ ಹಚ್ಚುತ್ತಾ ಮರಾಠಿಯಲ್ಲಿ “ಕಾಯ್ ಗ ಬಾಯೀ” (ಏನೇ ತಾಯೀ) ಎನ್ನುತ್ತಾಳೆ. ನಿಲ್ಲಿಸುತ್ತಾಳೆ. ಮಗು ತುಟಿ ಗುಂಡಗೆ ಮಾಡಿ “ಅಂಗೂ” ಎನ್ನುತ್ತದೆ. “ಹೋ ಕಾ?” (ಹೌದಾ?) ಎಂದು ಹುಬ್ಬೇರಿಸುತ್ತಾಳೆ. ಮತ್ತೆ ಕಾಯುತ್ತಾಳೆ. ಆ ಕಾಯುವಿಕೆಗೆ ಯಾವ ಫ್ಲ್ಯಾಶ್ ಕಾರ್ಡೂ, ಮೊಜಾರ್ಟ್ ಸಿ.ಡಿ.ಯೂ ಸಾಟಿಯಲ್ಲ. ಮೊಜಾರ್ಟ್ ಸಂಗೀತ ಕೇಳಿಸಿದರೆ ಕೂಸು ಜಾಣ ಆಗುತ್ತದೆ ಎಂಬ ಕಥೆ ಹುಟ್ಟಿದ್ದು 1993ರಲ್ಲಿ, 36 ಕಾಲೇಜು ವಿದ್ಯಾರ್ಥಿಗಳ ಪರೀಕ್ಷೆಯಿಂದ. ಅದರಲ್ಲಿ ಒಂದು ಕೂಸೂ ಇರಲಿಲ್ಲ.

ಬಾಲ್ಕನಿಯಿಂದ ಕೆಳಗೆ ನೋಡಿದರೆ ಹೊಸ ಟವರ್ ಏಳುತ್ತಿದೆ. ಕೆಲಸಕ್ಕೆ ಬಂದವರು ಕಲಬುರಗಿ, ಯಾದಗಿರಿ ಕಡೆಯ ನಮ್ಮವರೇ. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಸೈಟ್‌ಗಳಿಗೇ ಹೋಗಿ ಶಿಶುಪಾಲನೆ ನಡೆಸುವ ಮೊಬೈಲ್ ಕ್ರೆಷ್ ಸಂಸ್ಥೆ 1969ರಲ್ಲಿ ದೆಹಲಿಯಲ್ಲಿ ಶುರುವಾಗಿ ಮುಂಬೈಗೂ ಬಂತು. ಈ ಸಣ್ಣ ಸೈಟಿಗೆ ಎರಡೂ ತಲುಪಿಲ್ಲ. ಎರಡು ಬಿದಿರಿನ ನಡುವೆ ಸೀರೆಯ ಜೋಳಿಗೆ ಕಟ್ಟಿದ್ದಾರೆ, ತಾಯಿ ಇಟ್ಟಿಗೆ ಹೊರುವ ದಾರಿಯಿಂದ ಕಾಣುವಷ್ಟು ಹತ್ತಿರ. ಆ ಜಾಗ ಆರಿಸಿದ್ದರಲ್ಲೇ ಅವಳ ಪ್ರೀತಿ ಎಷ್ಟೆಂದು ಗೊತ್ತಾಗುತ್ತದೆ, ಅವಳಿಗಿಲ್ಲದ್ದು ಹೊತ್ತು. ಕೂಸು ಅತ್ತ ಕೂಡಲೇ ಎಂಟೊಂಬತ್ತು ವರ್ಷದ ಅಕ್ಕ ಬಂದು ಎತ್ತಿ ಸೊಂಟಕ್ಕೆ ಹಾಕಿಕೊಂಡು, ಮುಖಕ್ಕೆ ಮುಖ ತಂದು ನಾಲಿಗೆ ಹೊರಹಾಕುತ್ತಾಳೆ. ಕೂಸು ಕೇಕೆ ಹಾಕುತ್ತದೆ.

ಮೊನ್ನೆ ಹಾಲು ತರಲು ಹೋದಾಗ ಕೇಳಿದೆ, “ಸಾಲಿಗೆ ಹೋಗೂದಿಲ್ಲೇನವ್ವಾ?”

ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. “ಮತ್ತ ಇವನ್ನ ಯಾರ ಎತ್ಕೋಬೇಕ್ರಿ?”