ಮ್ಯೂಸಿಯಂಗಿಂತ ಮೊದಲು ಚರಂಡಿ

ನನ್ನ ಆಫೀಸಿಗೆ ಬರುವ ನಗರಸಭೆಯವರ ಮೊಬೈಲಿನಲ್ಲಿ ಹೆಚ್ಚುಕಡಿಮೆ ಒಂದೇ ಫೋಟೊ ಇರುತ್ತದೆ. ನದಿ ದಡದಲ್ಲಿ ಮೀನಿನ ಮೈಯ ಹಾಗೆ ಹೊಳೆಯುವ ಕಟ್ಟಡ. ಸ್ಪೇನ್ ದೇಶದ ಬಿಲ್ಬಾವೊ ಊರಿನ ಗುಗೆನ್‌ಹೈಮ್ ಮ್ಯೂಸಿಯಂ. "ಸಾರ್, ಮಿಲ್ ಮುಚ್ಚಿದ ಮೇಲೆ ಊರು ಸತ್ತೇಹೋಯ್ತು. ಇಂಥದ್ದೊಂದು ಕಟ್ಟಿಕೊಡಿ, ಜನ ತಾವಾಗೇ ಬರ್ತಾರೆ" ಅಂತಾರೆ.

ನಾನು ತಿರುಗಿ ಕೇಳೋದು ಒಂದೇ: ನಿಮ್ಮೂರಿನ ಕೊಳಚೆ ನೀರು ಎಲ್ಲಿಗೆ ಹೋಗುತ್ತೆ? ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮಾತು ತಪ್ಪಿಸುತ್ತಿದ್ದೇನೆ ಅಂದುಕೊಳ್ಳುತ್ತಾರೋ ಏನೋ. ಇಲ್ಲ, ಬಿಲ್ಬಾವೊ ಕಥೆ ಶುರುವಾಗೋದೇ ಅಲ್ಲಿಂದ.

ಆ ಊರು ಬದುಕಿದ್ದು ಉಕ್ಕು ಮತ್ತು ಹಡಗಿನಿಂದ. ಎಂಬತ್ತರ ದಶಕದಲ್ಲಿ ಎರಡೂ ಕುಸಿದವು. 1983ರ ಆಗಸ್ಟಿನಲ್ಲಿ ನೆರೆ ಬಂದು ಹಳೇ ಪೇಟೆ ಮುಳುಗಿತು. ಕಾರ್ಮಿಕರು ಬೀದಿಗಿಳಿದು ಹೋರಾಡಿದರೂ ಯುಸ್ಕಾಲ್ಡುನಾ ಅನ್ನುವ ಹಡಗು ಕಟ್ಟುವ ಕಾರ್ಖಾನೆ 1988ರಲ್ಲಿ ಮುಚ್ಚಿತು. ನೆರ್ವಿಯೊನ್ ನದಿಗೆ ಕಾರ್ಖಾನೆಗಳ ಹೊಲಸು, ಮನೆಗಳ ಕೊಳಚೆ ಎರಡೂ ಸೇರುತ್ತಿದ್ದವು. ಆ ದಡದಲ್ಲಿ ಚಿನ್ನದ ಮ್ಯೂಸಿಯಂ ಕಟ್ಟಿದರೂ ಯಾರು ಬಂದು ನಿಲ್ಲುತ್ತಿದ್ದರು?

ನದಿ ಶುದ್ಧ ಮಾಡುವ ಯೋಜನೆಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1979ರಲ್ಲಿ. ಮ್ಯೂಸಿಯಂ ಬಾಗಿಲು ತೆರೆದಿದ್ದು 1997ರ ಅಕ್ಟೋಬರಿನಲ್ಲಿ. ನಡುವೆ ಹದಿನೆಂಟು ವರ್ಷ! ಪೈಪು, ಪಂಪು, ಶುದ್ಧೀಕರಣ ಘಟಕ ಅಂತ ಅದಕ್ಕೆ ಸುರಿದ ಹಣ ಮ್ಯೂಸಿಯಂ ಖರ್ಚಿನ ಹಲವು ಪಟ್ಟು. ಬಂದರನ್ನು ಊರ ನಡುವಿನಿಂದ ಸಮುದ್ರದ ಬಾಯಿಯ ಕಡೆಗೆ ಸರಿಸುತ್ತಾ ಬಂದರು. ಮೆಟ್ರೊ 1995ರಲ್ಲೇ ಓಡತೊಡಗಿತ್ತು. ಇದ್ಯಾವುದೂ ಮೊಬೈಲ್ ಫೋಟೊದಲ್ಲಿ ಕಾಣಲ್ಲ, ಅಲ್ವಾ? ಅದಕ್ಕೇ ಪದೇ ಪದೇ ಹೇಳುತ್ತೇನೆ. ಕಟ್ಟಡ ಬಂದು ಊರು ಎದ್ದಿದ್ದಲ್ಲ. ಊರು ಏಳುತ್ತಿದ್ದಾಗ ಕಟ್ಟಡ ಬಂತು, ಬಂದು ಜೋರಾಗಿ ಕೈ ಜೋಡಿಸಿತು.

ಜಾಗದ ವಿಷಯವೂ ಅಷ್ಟೇ ಮುಖ್ಯ. 1992ರಲ್ಲಿ ಬಿಲ್ಬಾವೊ ರಿಯಾ 2000 ಅಂತ ಒಂದು ಸರ್ಕಾರಿ ಕಂಪನಿ ಮಾಡಿದರು. ಕೇಂದ್ರಕ್ಕೆ ಅರ್ಧ ಪಾಲು, ಸ್ಥಳೀಯ ಆಡಳಿತಗಳಿಗೆ ಅರ್ಧ. ರೈಲ್ವೆಯವರು, ಬಂದರಿನವರು ತಮ್ಮ ಪಾಳು ಜಾಗವನ್ನು ಅದರ ಕೈಗಿಟ್ಟರು. ಒಂದಷ್ಟು ಸೈಟು ಮಾರಿ ಬಂದ ದುಡ್ಡಲ್ಲಿ ಮುಂದಿನ ಕೆಲಸ. ನಮ್ಮಲ್ಲಿ ಒಂದು ಮಿಲ್ ಜಾಗದ ಮೇಲೆ ನಾಲ್ಕು ಇಲಾಖೆ, ಎರಡು ಕೋರ್ಟ್ ಕೇಸು ಇರುವುದನ್ನು ನೋಡಿದವನಿಗೆ ಇದು ಆ ಮ್ಯೂಸಿಯಂನ ಹೊಳೆಯುವ ಟೈಟೇನಿಯಂ ಹೊದಿಕೆಗಿಂತ ದೊಡ್ಡ ಸಾಧನೆ ಅನಿಸುತ್ತದೆ.

ನಾನು ಅಲ್ಲಿಗೆ ಹೋದಾಗ ಮ್ಯೂಸಿಯಂ ಒಳಗೆ ಕಳೆದದ್ದು ಎರಡು ಗಂಟೆ, ಹೊರಗೆ ಎರಡು ದಿನ. ಊರ ಕಡೆಯ ರಸ್ತೆಯಿಂದ ಬಾಗಿಲಿಗೆ ಮೆಟ್ಟಿಲು *ಇಳಿದು* ಹೋಗಬೇಕು. ಹಿಂದೆ ನದಿಯುದ್ದಕ್ಕೂ ನಡೆಯುವ ದಾರಿ, ಟಿಕೆಟ್ ಇಲ್ಲ. ದೊಡ್ಡ ಕಂಚಿನ ಜೇಡದ ಕಾಲುಗಳ ನಡುವೆ ಮಕ್ಕಳು ಮುಟ್ಟಾಟ ಆಡುತ್ತಿದ್ದವು. ಒಬ್ಬ ಅಜ್ಜಿ ಸೊಪ್ಪಿನ ಚೀಲ ಪಕ್ಕಕ್ಕಿಟ್ಟು ಬೆಂಚಿನ ಮೇಲೆ ಕೂತು ನೀರು ನೋಡುತ್ತಿದ್ದರು. ಸ್ವಲ್ಪ ಮುಂದೆ ಹೋದರೆ ಆ ಹಳೇ ಹಡಗು ಕಾರ್ಖಾನೆಯ ಕೆಂಪು ಕ್ರೇನ್ ಹಾಗೇ ನಿಂತಿದೆ. ಅದಕ್ಕೆ ಕರೋಲಾ ಅಂತ ಹೆಸರು. ಗುಜರಿಗೆ ಹಾಕದೆ ಉಳಿಸಿಕೊಂಡಿದ್ದಾರೆ. ನನಗೆ ಕಣ್ಣು ತುಂಬಿ ಬಂತು.

ಎಲ್ಲ ಚೆನ್ನಾಗಾಯ್ತು ಅಂತ ಹೇಳಲಾರೆ. ಕುಲುಮೆ ಮುಂದೆ ದುಡಿದವರಿಗೆಲ್ಲ ಮ್ಯೂಸಿಯಂ, ಹೋಟೆಲುಗಳಲ್ಲಿ ಕೆಲಸ ಸಿಗುವುದು ಆಗದ ಮಾತು. ಬರೀ ಕಟ್ಟಡ ನಂಬಿದವರ ಕಥೆಯೂ ಇದೆ. ಇಂಗ್ಲೆಂಡಿನ ಉಕ್ಕಿನ ಊರು ಶೆಫೀಲ್ಡಿನಲ್ಲಿ 1999ರಲ್ಲಿ ಜನಪ್ರಿಯ ಸಂಗೀತದ ಮ್ಯೂಸಿಯಂ ತೆರೆದರು. ನಾಲ್ಕು ಉಕ್ಕಿನ ಡ್ರಮ್ಮುಗಳಂಥ ಚೆಂದದ ಕಟ್ಟಡ. ನಿರೀಕ್ಷಿಸಿದಷ್ಟು ಜನ ಬರಲಿಲ್ಲ, 2000ದಲ್ಲೇ ಮುಚ್ಚಿತು. ಈಗ ಅದು ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ್ದು.

ಹೋದ ವರ್ಷ ಒಂದು ಊರಿನ ಮುಚ್ಚಿದ ಮಿಲ್ ನೋಡಲು ಹೋಗಿದ್ದೆ. ಕಾಂಪೌಂಡ್ ಪಕ್ಕದಲ್ಲೇ ಹಳ್ಳ, ಪೂರ್ತಿ ಒಳಚರಂಡಿ (ಯುಜಿಡಿ) ನೀರು. ಮೂಗು ಮುಚ್ಚಿಕೊಂಡೇ ಅಳತೆ ತೆಗೆದೆವು. ನೂಲು ವಿಭಾಗದಲ್ಲಿ ಮೂವತ್ತು ವರ್ಷ ದುಡಿದ ಹಿರಿಯರೊಬ್ಬರು ಜೊತೆಗೇ ಸುತ್ತಿದರು. ಸೈರನ್ ಎಲ್ಲಿತ್ತು, ಸಂಬಳದ ಕಿಟಕಿ ಯಾವುದು, ಎಲ್ಲ ತೋರಿಸಿದರು. ಕೊನೆಗೆ ಗೇಟಿನ ಹತ್ತಿರದ ಹುಣಸೆಮರ ತೋರಿಸಿ, "ಸಾಹೇಬ್ರೆ, ಶಿಫ್ಟ್ ಬಿಟ್ಮೇಲೆ ಇಲ್ಲೇ ಕೂರ್ತಿದ್ವಿ. ಈಗ ವಾಸ್ನೆಗೆ ಕೂರಾಕಾಗಲ್ಲ. ಏನ್ ಕಟ್ಟಿದ್ರೂ ಈ ಮರ ಕಡೀಬ್ಯಾಡ್ರಿ" ಅಂದರು.

ನಾನು ಕೊಟ್ಟ ಡ್ರಾಯಿಂಗಿನ ಮೊದಲ ಹಾಳೆಯಲ್ಲಿ ಬರೀ ಪೈಪ್‌ಲೈನ್. ಎರಡನೇದರಲ್ಲಿ ಹಳ್ಳಕ್ಕೆ ಇಳಿಯುವ ಮೆಟ್ಟಿಲು, ಹುಣಸೆಮರಕ್ಕೆ ಕಟ್ಟೆ. ನಗರಸಭೆಯವರು ಕೇಳಿದ್ದ ರಂಗಮಂದಿರ ಬರುವುದು ಏಳನೇ ಹಾಳೆಯಲ್ಲಿ. ಅಧ್ಯಕ್ಷರು ನೇರ ಏಳನೇ ಹಾಳೆ ತೆಗೆದರು. ನಾನು ಎದ್ದು ಹೋಗಿ ಮೊದಲನೇದನ್ನು ಮತ್ತೆ ಮೇಲಿಟ್ಟೆ.