ರೋಗನಿರೋಧಕ ಶಕ್ತಿಗೂ ಮೂಗುದಾರ ಬೇಕು

ಹುಟ್ಟಿ ಕೆಲವೇ ವಾರಗಳಾದ ಗಂಡುಮಗು. ಭೇದಿ ನಿಲ್ಲುವುದಿಲ್ಲ, ಮೈತುಂಬ ಇಸುಬು, ಅಷ್ಟು ಎಳೆಯ ವಯಸ್ಸಿಗೇ ಸಕ್ಕರೆ ಕಾಯಿಲೆ. ಇಷ್ಟೆಲ್ಲ ಹಾವಳಿ ಎಬ್ಬಿಸಿರುವುದು ಹೊರಗಿನ ಯಾವ ರೋಗಾಣುವೂ ಅಲ್ಲ, ರೋಗಾಣುಗಳೊಡನೆ ಹೋರಾಡಬೇಕಾದ ಬಿಳಿ ರಕ್ತಕಣಗಳು, ಮಗುವಿನದೇ ಟಿ ಕೋಶಗಳು. ಐಪೆಕ್ಸ್ ಎಂಬ ಈ ಅಪರೂಪದ ಆನುವಂಶಿಕ ಕಾಯಿಲೆಗೆ ಚಿಕಿತ್ಸೆ ಸಿಗದಿದ್ದರೆ ಹೆಚ್ಚಿನ ಮಕ್ಕಳು ಎಳವೆಯಲ್ಲೇ ತೀರಿಕೊಳ್ಳುತ್ತಾರೆ.

ಇದರ ಎಳೆ ಸಿಕ್ಕಿದ್ದು ಇಲಿಗಳಲ್ಲಿ. ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ಚರ್ಮ ಹೊಪ್ಪಳೆದ್ದ ಗಂಡುಮರಿಗಳು ಕಾಣಿಸಿಕೊಂಡು, ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಹೆಣ್ಣುಮರಿಗಳಿಗೆ ಏನೂ ಆಗುತ್ತಿರಲಿಲ್ಲ. ದೋಷ, ಗಂಡಿನಲ್ಲಿ ಒಂದೇ ಒಂದಿರುವ ಎಕ್ಸ್ ವರ್ಣತಂತುವಿನ ಫಾಕ್ಸ್‌ಪಿ3 ಜೀನ್‌ನಲ್ಲಿದೆ ಎಂದು ವಿಜ್ಞಾನಿಗಳಾದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ತೋರಿಸಿದ್ದು 2001ರಲ್ಲಿ. ಐಪೆಕ್ಸ್ ಮಕ್ಕಳಲ್ಲೂ ಕೆಟ್ಟಿದ್ದದ್ದು ಇದೇ ಜೀನ್. ಉಳಿದ ಟಿ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ 'ನಿಯಂತ್ರಕ ಟಿ ಕೋಶ'ಗಳನ್ನು ಶಿಮೊನ್ ಸಕಾಗುಚಿ 1995ರಲ್ಲೇ ಗುರುತಿಸಿದ್ದರು. ಅವು ರೂಪುಗೊಳ್ಳಲು ಫಾಕ್ಸ್‌ಪಿ3 ಬೇಕೇಬೇಕು ಎಂಬುದು 2003ರಲ್ಲಿ ಸ್ಪಷ್ಟವಾಯಿತು. ಮೂವರಿಗೂ 2025ರ ನೊಬೆಲ್ ಸಂದಿದೆ.

ನನಗೆ ಇದಕ್ಕಿಂತ ಸೋಜಿಗವೆನಿಸುವುದು ಆ ಮಕ್ಕಳ ತಾಯಂದಿರ ಆರೋಗ್ಯ. ಹೆಣ್ಣಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಸುಮ್ಮನಾಗಿರುತ್ತದೆ. ಹಾಗಾಗಿ ಒಂದು ಎಕ್ಸ್‌ನಲ್ಲಿ ಕೆಟ್ಟ ಜೀನ್ ಹೊತ್ತಿರುವ ಈ ತಾಯಿಯ ಸುಮಾರು ಅರ್ಧದಷ್ಟು ಟಿ ಕೋಶಗಳಲ್ಲಿ ಚಾಲ್ತಿಯಲ್ಲಿರುವುದು ಜೀನ್‌ನ ದೋಷವಿರುವ ಪ್ರತಿಯೇ. ಆದರೂ ಆಕೆಗೆ ಕಾಯಿಲೆಯಿಲ್ಲ! ಸರಿಯಾದ ಪ್ರತಿಯಿರುವ ಕೋಶಗಳಿಂದ ಹುಟ್ಟಿದ ನಿಯಂತ್ರಕಗಳೇ ಎಲ್ಲವನ್ನೂ ಹಿಡಿತದಲ್ಲಿಡುತ್ತವೆ.

ಏರ್ ಎಂಬ ಇನ್ನೊಂದು ಜೀನ್‌ನ ಕೆಲಸ ಟಿ ಕೋಶಗಳು ಬಲಿಯುವ, ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ. ಇನ್ಸುಲಿನ್‌ನಂತಹ, ಬೇರೆ ಅಂಗಗಳಿಗೆ ಸೇರಿದ ಪ್ರೋಟೀನ್‌ಗಳನ್ನು ಅದು ಅಲ್ಲೇ ಒಂದಿಷ್ಟು ತಯಾರಿಸುವಂತೆ ಮಾಡುತ್ತದೆ. ಅವುಗಳ ಮೇಲೆ ಎರಗುವ ಟಿ ಕೋಶಗಳು ಅಲ್ಲಿಯೇ ಸಾಯುತ್ತವೆ. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದವರಲ್ಲಿ ಈ ಜರಡಿ ತೂತಾಗಿ, ಪ್ಯಾರಾಥೈರಾಯ್ಡ್, ಅಡ್ರಿನಲ್ ಗ್ರಂಥಿಗಳು ಹಾಳಾಗುತ್ತವೆ. ಫಿನ್ಲೆಂಡ್, ಸಾರ್ಡಿನಿಯಾಗಳಲ್ಲಿ ಈ ಕಾಯಿಲೆ ತುಸು ಹೆಚ್ಚು. ವಿಚಿತ್ರವೆಂದರೆ ಈ ರೋಗಿಗಳ ಬಾಯಲ್ಲಿ ಕ್ಯಾಂಡಿಡಾ ಶಿಲೀಂಧ್ರ ಬಿಡದೆ ಕಾಡುತ್ತದೆ. ಶಿಲೀಂಧ್ರವನ್ನು ತಡೆಯುವ ಇಂಟರ್‌ಲ್ಯೂಕಿನ್-17 ಎಂಬ ಪ್ರೋಟೀನ್‌ನ ವಿರುದ್ಧವೇ ದೇಹ ಪ್ರತಿಕಾಯ ಮಾಡಿಕೊಂಡಿರುತ್ತದೆ. ಅತಿಯಾದ ದಾಳಿ, ಸೋಂಕಿನೆದುರು ಸೋಲು, ಎರಡೂ ಒಂದೇ ಮೈಯಲ್ಲಿ. 'ಇಮ್ಯುನಿಟಿ' ಹೆಚ್ಚಿದಷ್ಟೂ ಒಳ್ಳೆಯದೆನ್ನುವ ಜಾಹೀರಾತುಗಳಿಗೆ ಇದು ತಿಳಿದಂತಿಲ್ಲ.

ಐಪೆಕ್ಸ್‌ಗೆ ಸದ್ಯಕ್ಕೆ ಬೇರು ಕೀಳುವ ಚಿಕಿತ್ಸೆಯೆಂದರೆ ಅಸ್ಥಿಮಜ್ಜೆಯ ಕಸಿ. ದಾನಿಯ ಕೋಶಗಳು ಪೂರ್ತಿ ನೆಲೆಯೂರದೆ ರಕ್ತದಲ್ಲಿ ಅರೆಬರೆ ಉಳಿದರೂ ಕೆಲವು ಮಕ್ಕಳು ಚೇತರಿಸಿಕೊಂಡಿದ್ದಾರೆ. ಅವರಲ್ಲಿ ನಿಯಂತ್ರಕಗಳು ಮಾತ್ರ ಬಹುಪಾಲು ದಾನಿಯವೇ ಆಗಿದ್ದವು.