ಟರೆಟ್ ತಿರುಗಿಸುವವರೋ, ತಿರುಗಿಸದವರೋ?

ರೈಫಲ್ಲಿಗೆ ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್, ಕೊಳ್ಳಲು ಸಲಹೆ ಬೇಡಿ ಬರುವವರ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ಎಷ್ಟು ಎಕ್ಸ್ ತೆಗೆದುಕೊಳ್ಳಲಿ?’ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಎಂದರ್ಥ. ನಾನು ತಿರುಗಿ ಕೇಳುವುದೂ ಒಂದೇ: ‘ಈಡು ಹೊಡೆಯುವ ಮೊದಲು ಟರೆಟ್ ತಿರುಗಿಸುತ್ತೀರಾ?’ ಟರೆಟ್ ಎಂದರೆ ಗುಂಡು ತಾಗುವ ಜಾಗವನ್ನು ಮೇಲೆ ಕೆಳಗೆ, ಅತ್ತ ಇತ್ತ ಹೊಂದಿಸಲು ಸ್ಕೋಪಿನ ಮೇಲಿರುವ ತಿರುಗುಗುಂಡಿ. ರೈಫಲ್ಲುಗಳ ಮೇಲೆ ಸ್ಕೋಪ್ ಕೂರಿಸುವುದು, ಝೀರೋ ಮಾಡುವುದು (ಗೊತ್ತಾದ ದೂರದಲ್ಲಿ ಗುರಿಯಿಟ್ಟಲ್ಲೇ ಗುಂಡು ತಾಗುವಂತೆ ಹೊಂದಿಸುವುದು), ಕೆಟ್ಟದ್ದನ್ನು ಬಿಚ್ಚಿ ನೋಡುವುದು ನನ್ನ ಕಸುಬು. ಆ ಒಂದು ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಮುಕ್ಕಾಲು ಪಾಲು ಆಯ್ಕೆ ಮುಗಿದಿರುತ್ತದೆ.

ಕಾಡಿನಲ್ಲಿ ಬೇಟೆಯಾಡುವವನು ಸಾಮಾನ್ಯವಾಗಿ ಟರೆಟ್ ಮುಟ್ಟುವುದಿಲ್ಲ. ಅವನ ಕೈಗೆ ಸಿಗುವುದು ಮೂರ್ನಾಲ್ಕು ಸೆಕೆಂಡು. ಬೆಳಕು ನಸುಕಿನದೋ ಮುಸ್ಸಂಜೆಯದೋ ಆಗಿರುತ್ತದೆ. ಅವನಿಗೆ ಬೇಕಾದದ್ದು ಅಗಲವಾದ ನೋಟ. 3-9×40 (3ರಿಂದ 9 ಪಟ್ಟು ವರ್ಧನೆ, 40 ಮಿಲಿಮೀಟರಿನ ಮುಂದಿನ ಮಸೂರ) ಎಂಬ ಹಳೆಯ, ಸಾದಾ ಸ್ಕೋಪನ್ನೇ ನೋಡಿ. 3 ಪಟ್ಟಿನಲ್ಲಿಟ್ಟರೆ 100 ಮೀಟರ್ ಆಚೆ ಸುಮಾರು 11 ಮೀಟರ್ ಅಗಲ ಕಾಣುತ್ತದೆ; 9ಕ್ಕೆ ಏರಿಸಿದರೆ ಅದು ನಾಲ್ಕೂವರೆ ಮೀಟರಿಗೆ ಇಳಿಯುತ್ತದೆ. ಪೊದೆಯಿಂದ ಹೊರಬಿದ್ದು ಓಡುವ ಹಂದಿಯನ್ನು ಅಷ್ಟು ಕಿರಿದಾದ ನೋಟದಲ್ಲಿ ಹುಡುಕಿದರೆ ಹಂದಿ ಬೆಟ್ಟ ದಾಟಿರುತ್ತದೆ.

ಇನ್ನು ಬೆಳಕು. ಮುಂದಿನ ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿ. 40 ಮಿಲಿಮೀಟರ್ ಮಸೂರ, 8 ಪಟ್ಟು ವರ್ಧನೆ ಎಂದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆ 5 ಮಿಲಿಮೀಟರ್. ಕತ್ತಲೆಯಲ್ಲಿ ಎಳೆಯರ ಕಣ್ಣಿನ ಪಾಪೆ 7 ಮಿಲಿಮೀಟರಿನವರೆಗೂ ಅರಳುತ್ತದೆ; ವಯಸ್ಸಾದಂತೆ ಅಷ್ಟು ಅರಳುವುದಿಲ್ಲ. ಹೀಗಾಗಿ ಅರವತ್ತು ದಾಟಿದವರು 56 ಮಿಲಿಮೀಟರಿನ ಭಾರೀ ಮಸೂರ ಹೊತ್ತು ನಡೆದರೂ, ಕಡಿಮೆ ವರ್ಧನೆಯಲ್ಲಿ ಅದು ಕೊಡುವ ಬೆಳಕಿನ ಒಂದಷ್ಟು ಪಾಲು ಪಾಪೆಯ ಹೊರಗೇ ಬಿದ್ದು ಹೋಗುತ್ತದೆ. ಅದಕ್ಕಿಂತ ಲೇಪನದ ಗುಣಮಟ್ಟ ಮುಖ್ಯ. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ. ಹತ್ತು ಮೇಲ್ಮೈಗಳು ಸೇರಿದರೆ ಮೂರನೇ ಒಂದು ಭಾಗವೇ ಮಾಯ. 1935ರಲ್ಲಿ ಝೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಕುಲಾ ಪ್ರತಿಫಲನ ತಡೆಯುವ ಲೇಪನವನ್ನು ಕಂಡುಹಿಡಿದ ಮೇಲೆಯೇ ಈ ಸೋರಿಕೆಗೆ ಮದ್ದು ಸಿಕ್ಕಿದ್ದು. ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲ ಸ್ಕೋಪುಗಳೂ ಚೆಂದ ಕಾಣುತ್ತವೆ. ಸೂರ್ಯ ಮುಳುಗಿದ ಇಪ್ಪತ್ತು ನಿಮಿಷಕ್ಕೆ ಮರದಡಿಯ ನೆರಳಿನೊಳಗೆ ನೋಡಿ, ಆಗ ದುಡ್ಡು ಕೊಡಿ. ಅಂದ ಹಾಗೆ, ಸ್ಕೋಪಿಗೆ 30 ಮಿಲಿಮೀಟರ್ ನಳಿಗೆಯಿದ್ದರೆ ಬೆಳಕು ಹೆಚ್ಚು ಎಂಬುದು ಬರೀ ನಂಬಿಕೆ. ದಪ್ಪ ನಳಿಗೆಯಿಂದ ಸಾಮಾನ್ಯವಾಗಿ ಸಿಗುವುದು ಒಳಗಿನ ಮಸೂರಗಳು ಅತ್ತಿತ್ತ ಸರಿಯಲು ಹೆಚ್ಚಿನ ಜಾಗ.

ಆ ಜಾಗ ಬೇಕಾಗುವುದು ಟರೆಟ್ ತಿರುಗಿಸುವವರಿಗೆ. .308 ವಿಂಚೆಸ್ಟರ್ ರೈಫಲನ್ನು 100 ಗಜಕ್ಕೆ ಝೀರೋ ಮಾಡಿದರೆ, 1000 ಗಜ ತಲಪುವ ಹೊತ್ತಿಗೆ ಗುಂಡು ಸುಮಾರು 10 ಮೀಟರ್ ಕೆಳಗಿಳಿದಿರುತ್ತದೆ. ಇದನ್ನು ಸರಿದೂಗಿಸಲು ಸುಮಾರು 11 ಮಿಲ್, ಎಂಒಎ ಲೆಕ್ಕದಲ್ಲಿ 37ರ ಆಸುಪಾಸು, ಮೇಲೆತ್ತಬೇಕು. (ಎರಡೂ ಕೋನದ ಅಳತೆಗಳು: 100 ಮೀಟರಿಗೆ ಒಂದು ಮಿಲ್ ಎಂದರೆ 10 ಸೆಂಟಿಮೀಟರ್, ಒಂದು ಎಂಒಎ ಎಂದರೆ ಸುಮಾರು 2.9. ಯಾವುದಾದರೂ ಆಗಬಹುದು, ಸ್ಕೋಪಿನೊಳಗೆ ಕಾಣುವ ಗುರಿಗೆರೆಗಳಾದ ರೆಟಿಕಲ್ ಒಂದರಲ್ಲಿ, ಟರೆಟ್ ಇನ್ನೊಂದರಲ್ಲಿ ಇರುವ ಸ್ಕೋಪನ್ನು ಮಾತ್ರ ಬಿಟ್ಟಿ ಕೊಟ್ಟರೂ ತರಬೇಡಿ.) ಸ್ಕೋಪಿನ ಒಟ್ಟು ಚಲನೆ 50 ಎಂಒಎ ಇದ್ದರೆ ನಡುವಿನಿಂದ ಮೇಲಕ್ಕೆ ಉಳಿಯುವುದು 25 ಮಾತ್ರ, ಸಾಲದು. ಮುಂದಕ್ಕೆ 20 ಎಂಒಎ ಬಾಗಿದ ರೈಲಿನ (ಸ್ಕೋಪ್ ಕೂರಿಸಲು ರೈಫಲ್ ಮೇಲಿರುವ ಲೋಹದ ಪಟ್ಟಿಯ) ಮೇಲೆ ಕೂರಿಸಿದರೆ 45 ಸಿಗುತ್ತದೆ.

ಆದರೆ ಎಷ್ಟು ತಿರುಗುತ್ತದೆ ಎಂಬುದಕ್ಕಿಂತ ಹೇಳಿದಷ್ಟೇ ತಿರುಗುತ್ತದೆಯೇ ಎಂಬುದು ದೊಡ್ಡ ಪ್ರಶ್ನೆ. 100 ಮೀಟರ್ ದೂರದಲ್ಲಿ ಎತ್ತರದ ಹಲಗೆ ನಿಲ್ಲಿಸಿ, ತೂಗುಗುಂಡು ಹಿಡಿದು ನೆಟ್ಟಗೊಂದು ಗೆರೆ ಎಳೆಯಿರಿ. ಕೆಳಗೆ ಗುರಿಯಿಟ್ಟು ಹೊಡೆಯಿರಿ. 10 ಮಿಲ್ ಏರಿಸಿ, ಅದೇ ಗುರಿಗೆ ಮತ್ತೆ ಹೊಡೆಯಿರಿ. ಗುಂಡು ಸರಿಯಾಗಿ ಒಂದು ಮೀಟರ್ ಮೇಲೆ, ಗೆರೆಯ ಮೇಲೆಯೇ ತಾಗಬೇಕು. 97 ಸೆಂಟಿಮೀಟರಿಗೆ ತಾಗಿತೇ? ಆ ಶೇ. 3ರ ತಪ್ಪು 1000 ಗಜದಲ್ಲಿ 30 ಸೆಂಟಿಮೀಟರ್ ಆಗಿ ಬೆಳೆದಿರುತ್ತದೆ. ಗುಂಡು ಗೆರೆಯಿಂದ ಪಕ್ಕಕ್ಕೆ ಸರಿದರೆ ರೆಟಿಕಲ್ ವಾಲಿದೆ ಎಂದರ್ಥ: ಒಂದೇ ಒಂದು ಡಿಗ್ರಿ ವಾಲಿದರೂ ಅಷ್ಟು ದೂರದಲ್ಲಿ 17 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಪರೀಕ್ಷೆ ಮುಗಿದ ಮೇಲೆ ಟರೆಟ್ಟನ್ನು ಝೀರೋಗೆ ತಂದು ಇನ್ನೊಂದು ಈಡು ಹೊಡೆಯುವುದನ್ನು ಮರೆಯಬೇಡಿ. ಮನೆಗೆ ಮರಳದ ಸ್ಕೋಪನ್ನು ನಾನು ಮರುದಿನವೇ ಹಿಂದಿರುಗಿಸಲು ಹೇಳುತ್ತೇನೆ.

ರೆಟಿಕಲ್ ಯಾವ ಫೋಕಲ್ ಪ್ಲೇನಿನಲ್ಲಿದೆ (ವರ್ಧನೆ ಬದಲಿಸುವ ಮಸೂರಗಳ ಮುಂದೆಯೋ, ಹಿಂದೆಯೋ) ಎಂಬ ಜಗಳವೂ ಇಲ್ಲೇ ಬಗೆಹರಿಯುತ್ತದೆ. ಮೊದಲನೆಯದರಲ್ಲಿದ್ದರೆ ವರ್ಧನೆಯೊಂದಿಗೆ ರೆಟಿಕಲ್ ಕೂಡ ಹಿಗ್ಗುತ್ತದೆ, ಗುರುತುಗಳ ಲೆಕ್ಕ ಎಂದೂ ತಪ್ಪುವುದಿಲ್ಲ. ದೂರದ ಗುರಿಯವರಿಗೆ ಇದೇ ಸರಿ. ಆದರೆ ಕಡಿಮೆ ವರ್ಧನೆಯಲ್ಲಿ ಅದು ಜೇಡರ ಎಳೆಯಷ್ಟು ತೆಳ್ಳಗಾಗಿ ಸಂಜೆಗತ್ತಲಲ್ಲಿ ಕಾಣದೇ ಹೋಗುತ್ತದೆ. ಬೇಟೆಗಾರನಿಗೆ ಎರಡನೆಯದೇ ಇರಲಿ. ಅದರ ಗುರುತುಗಳು ಒಂದೇ ವರ್ಧನೆಯಲ್ಲಿ, ಹೆಚ್ಚಾಗಿ ಗರಿಷ್ಠದಲ್ಲಿ, ನಿಜ ಹೇಳುತ್ತವೆ ಎಂಬುದು ನೆನಪಿದ್ದರೆ ಸಾಕು. ಅರ್ಧ ವರ್ಧನೆಗೆ ಇಳಿಸಿದರೆ ಪ್ರತಿ ಗುರುತಿನ ಬೆಲೆ ಇಮ್ಮಡಿ. ಪ್ಯಾರಲಾಕ್ಸ್ (ಕಣ್ಣು ಅತ್ತಿತ್ತ ಸರಿದರೆ ಗುರಿಯ ಮೇಲೆ ರೆಟಿಕಲ್ ಸರಿದಂತೆ ಕಾಣುವುದು) ಸರಿಪಡಿಸುವ ಗುಂಡಿಯೂ ದೂರಕ್ಕೆ ಹೊಡೆಯುವವರಿಗೆ ಕಡ್ಡಾಯ, ಉಳಿದವರಿಗೆ ಅಷ್ಟೇನಿಲ್ಲ.

ಇಬ್ಬರಿಗೂ ಬೇಕಾದದ್ದು ಕಣ್ಣಿಗೂ ಸ್ಕೋಪಿಗೂ ನಡುವೆ ಒಂಬತ್ತು ಸೆಂಟಿಮೀಟರಿನಷ್ಟಾದರೂ ಅಂತರ. ನನ್ನ ಬಲಹುಬ್ಬಿನ ಮೇಲೊಂದು ಅರ್ಧಚಂದ್ರಾಕಾರದ ಗಾಯದ ಗುರುತಿದೆ. ಹಗುರವಾದ ರೈಫಲ್, ಇಳಿಜಾರಿನಿಂದ ಮೇಲ್ಮುಖವಾಗಿ ಇಟ್ಟ ಗುರಿ, ಹತ್ತಿರಕ್ಕೆ ಚಾಚಿದ ಕತ್ತು. ಉಳಿದದ್ದನ್ನು ನೀವೇ ಊಹಿಸಬಲ್ಲಿರಿ.

ಸ್ಪ್ರಿಂಗ್ ಏರ್ ರೈಫಲ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಮದ್ದಿನ ಕೋವಿ ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗಿನದು ಮೊದಲು ಹಿಂದಕ್ಕೆ, ಪಿಸ್ಟನ್ ಕೊನೆ ಮುಟ್ಟಿದೊಡನೆ ಮುಂದಕ್ಕೆ. ಈ ಎರಡನೆಯ ಹೊಡೆತ ತಾಳಲು ಎಷ್ಟೋ ಸ್ಕೋಪುಗಳು ತಯಾರಾಗಿಯೇ ಇಲ್ಲ. ದೊಡ್ಡ ಕೋವಿಯ ಮೇಲೆ ಹತ್ತು ವರ್ಷ ಬಾಳಿದ ಸ್ಕೋಪೊಂದನ್ನು ಒಬ್ಬರು ಮಗನ ಏರ್ ರೈಫಲಿಗೆ ಹಾಕಿಕೊಟ್ಟಿದ್ದರು. ಒಂದೇ ತಿಂಗಳಲ್ಲಿ ನನ್ನ ಮೇಜಿಗೆ ಬಂತು. ಕಿವಿಯ ಹತ್ತಿರ ಹಿಡಿದು ಅಲುಗಿಸಿದೆ. ಮಗುವಿನ ಗಿಲಕಿಯಂತೆ ಸದ್ದು ಮಾಡಿತು.